ಮೇಷ್ಟ್ರಿಲ್ಲದ ತರಗತಿಯ ಕಥೆ



ಹೊಯ್ಸಳರ ಶಾಸನ, ಮೈಸೂರು ಸಂಸ್ಥಾನದ ರೈಲುಮಾರ್ಗ, ನಮ್ಮ ಹೋಬಳಿಯ ಕೆರೆಗಳು ಎಂದು ಬರೆದುಕೊಂಡಿದ್ದ ಮೇಷ್ಟ್ರು ಇದ್ದಕ್ಕಿದ್ದಂತೆ ಅಮೆರಿಕದ ಹದಿಹರೆಯದ ಮಕ್ಕಳ ಹಾಸ್ಯ ಧಾರಾವಾಹಿಯೊಂದರ ಇತಿಹಾಸ ಹೇಳಲು ಹೊರಟಿದ್ದಾರಲ್ಲ ಎಂದು ನೀವು ಹುಬ್ಬೇರಿಸಿದರೆ ತಪ್ಪಿಲ್ಲ. ಇತಿಹಾಸವೆಂದರೆ ರಾಜರ ಕಥೆ ಮಾತ್ರವಲ್ಲ ಎಂದು ತರಗತಿಯಲ್ಲಿ ನಿಮಗೆ ಹೇಳುತ್ತಿದ್ದವನು ನಾನೇ. ಒಂದು ಕಾಲದ ಜನ ಯಾವುದನ್ನು ನೋಡಿ ನಕ್ಕರು ಎಂಬುದೂ ಇತಿಹಾಸವೇ. ಇದನ್ನು ಬರೆಯಲು ಮತ್ತೊಂದು ಕಾರಣವೂ ಇದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

2022ರ ಚಳಿಗಾಲವನ್ನು ನಾವಿಬ್ಬರೂ ನ್ಯೂಜೆರ್ಸಿಯಲ್ಲಿರುವ ಮಗನ ಮನೆಯಲ್ಲಿ ಕಳೆದೆವು. ಹೊರಗೆ ಹಿಮ, ಒಳಗೆ ಕಾಲಹರಣಕ್ಕೆ ದಾರಿಯಿಲ್ಲ. ಸೊಸೆ ಅಲ್ಲಿಯೇ ಹುಟ್ಟಿ ಬೆಳೆದವಳು. ಒಂದು ಶನಿವಾರ ಬೆಳಿಗ್ಗೆ ಆಕೆ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಳೆಯ ಧಾರಾವಾಹಿಯೊಂದನ್ನು ಹಾಕಿದಳು. "ಮಾವ, ನೀವೂ ಬನ್ನಿ. ಇದು ಸ್ಕೂಲಿನ ಕಥೆ. ಚಿಕ್ಕವಳಿದ್ದಾಗ ಪ್ರತಿ ಶನಿವಾರ ಇದನ್ನು ನೋಡಿದ ಮೇಲೇ ನನಗೆ ಸ್ನಾನ" ಎಂದಳು. ಹಾಗೆ ನೋಡತೊಡಗಿದ್ದು 'ಸೇವ್ಡ್ ಬೈ ದ ಬೆಲ್'.

ಹೆಸರಿನ ಅರ್ಥ ಸರಳ. ಮುಷ್ಟಿಯುದ್ಧದಲ್ಲಿ ಸೋಲುವ ಸ್ಥಿತಿಗೆ ಬಂದವನನ್ನು ಸುತ್ತು ಮುಗಿಯುವ ಗಂಟೆ ಉಳಿಸುತ್ತದೆ. ಶಾಲೆಯಲ್ಲಿ ಮೇಷ್ಟ್ರು ಪ್ರಶ್ನೆ ಕೇಳಿ ಬೆರಳು ತೋರಿಸಿದಾಗ ಉತ್ತರ ಬಾರದ ಹುಡುಗನನ್ನು ಪೀರಿಯಡ್ಡಿನ ಗಂಟೆ ಉಳಿಸುತ್ತದೆ. ಗಂಟೆಯ ಕಡೆ ಕಿವಿಯಿಟ್ಟು ತಲೆ ತಗ್ಗಿಸಿ ಕುಳಿತಿರುತ್ತಿದ್ದ ನಿಮ್ಮಲ್ಲಿ ಹಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ನಾಲ್ಕಾರು ಕಂತು ನೋಡಿದ ಮೇಲೆ ನನಗೆ ಒಂದು ಸಂಶಯ ಬಂತು. ಇದು ಶಾಲೆಯ ಕಥೆ ಹೌದು, ಆದರೆ ಮೇಷ್ಟ್ರೆಲ್ಲಿ? ಬೇಸೈಡ್ ಹೈಸ್ಕೂಲ್ ಎಂಬ ಆ ಶಾಲೆಯಲ್ಲಿ ಶಿಕ್ಷಕರು ಬಂದು ಹೋಗುತ್ತಾರೆ. ಒಂದು ಕಂತಿನಲ್ಲಿ ಪೆಚ್ಚಾಗಿ ಮುಂದಿನ ಕಂತಿನ ಹೊತ್ತಿಗೆ ಮಾಯವಾಗುತ್ತಾರೆ. ಸ್ಥಿರವಾಗಿ ಇರುವವರು ಮುಖ್ಯೋಪಾಧ್ಯಾಯ ಬೆಲ್ಡಿಂಗ್ ಒಬ್ಬರೇ, ಅವರೂ ಮಕ್ಕಳ ಕುಚೇಷ್ಟೆಗೆ ಗುರಿಯಾಗಲಿಕ್ಕಾಗಿ. ಸೊಸೆಯನ್ನು ಕೇಳಿದೆ. ಆಕೆ ನಕ್ಕು, "ಮೊದಲು ಇದು ಟೀಚರ್ ಕಥೆಯೇ ಆಗಿತ್ತಂತೆ ಮಾವ, ಆಮೇಲೆ ಟೀಚರನ್ನು ತೆಗೆದುಬಿಟ್ಟರು" ಎಂದಳು. ನಿವೃತ್ತ ಮೇಷ್ಟ್ರ ಕಿವಿ ನಿಮಿರಲು ಇನ್ನೇನು ಬೇಕು? ಅಂದಿನಿಂದ ಆ ಧಾರಾವಾಹಿಯ ಪೂರ್ವೇತಿಹಾಸವನ್ನು ಹುಡುಕಿ ಓದತೊಡಗಿದೆ.

ಅಮೆರಿಕದ ಕಿರುತೆರೆಯ ಶಾಲಾಹಾಸ್ಯದಲ್ಲಿ ಮೊದಲಿಗೆ ಕೇಂದ್ರಸ್ಥಾನ ಶಿಕ್ಷಕರದೇ ಆಗಿತ್ತು. 1948ರಲ್ಲಿ ಬಾನುಲಿಯಲ್ಲಿ ಆರಂಭವಾಗಿ 1952ರಿಂದ 1956ರವರೆಗೆ ಕಿರುತೆರೆಯಲ್ಲಿಯೂ ನಡೆದ 'ಅವರ್ ಮಿಸ್ ಬ್ರೂಕ್ಸ್' ಒಬ್ಬ ಇಂಗ್ಲಿಷ್ ಅಧ್ಯಾಪಕಿಯ ಕಥೆ. ಆ ಪಾತ್ರ ವಹಿಸಿದ ಈವ್ ಆರ್ಡೆನ್ ಎಷ್ಟು ಜನಪ್ರಿಯರಾದರೆಂದರೆ ನಿಜವಾದ ಶಿಕ್ಷಕರ ಸಂಘಗಳೇ ಅವರನ್ನು ಕರೆದು ಗೌರವಿಸಿದವು. 1978ರ 'ಗ್ರೀಸ್' ಚಲನಚಿತ್ರದಲ್ಲಿ ಪ್ರಾಂಶುಪಾಲೆಯ ಪಾತ್ರಕ್ಕೆ ಅವರನ್ನೇ ಆರಿಸಿದರು. ಹಳೆಯ ಪ್ರೇಕ್ಷಕರಿಗೆ ಅದು ಮಿಸ್ ಬ್ರೂಕ್ಸ್‌ಗೆ ಬಡ್ತಿ ದೊರೆತಂತೆ ಕಂಡಿರಬೇಕು.

1975ರಿಂದ 1979ರವರೆಗೆ ನಡೆದ 'ವೆಲ್‌ಕಮ್ ಬ್ಯಾಕ್, ಕಾಟರ್' ಧಾರಾವಾಹಿಯಲ್ಲಿ ಒಬ್ಬ ತರುಣ ತಾನು ಓದಿದ ಬ್ರೂಕ್‌ಲಿನ್ನಿನ ಶಾಲೆಗೇ ಮೇಷ್ಟ್ರಾಗಿ ಮರಳುತ್ತಾನೆ. ದಡ್ಡರೆಂದು ಹಣೆಪಟ್ಟಿ ಹಚ್ಚಿಸಿಕೊಂಡವರ ತರಗತಿ ಅವನ ಪಾಲಿಗೆ ಬರುತ್ತದೆ. ಹಿಂದೆ ತಾನೂ ಅದೇ ತರಗತಿಯಲ್ಲಿ ಕುಳಿತವನು. ಆ ವಿದ್ಯಾರ್ಥಿಗಳಲ್ಲೊಬ್ಬನಾಗಿ ನಟಿಸಿದ ಜಾನ್ ಟ್ರವೋಲ್ಟಾ ಆಮೇಲೆ ಜಗತ್ಪ್ರಸಿದ್ಧ ತಾರೆಯಾದರು. ಮೇಷ್ಟ್ರ ಪಾತ್ರಧಾರಿ ಗೇಬ್ ಕಪ್ಲಾನ್ ಕೊನೆಯ ವರ್ಷದ ಹೆಚ್ಚಿನ ಕಂತುಗಳಲ್ಲಿ ಕಾಣಿಸಿಕೊಳ್ಳಲೇ ಇಲ್ಲ. 1986ರಿಂದ 1991ರವರೆಗಿನ 'ಹೆಡ್ ಆಫ್ ದ ಕ್ಲಾಸ್' ಬುದ್ಧಿವಂತ ಮಕ್ಕಳ ತರಗತಿಯ ಕಥೆ. ಅದರಲ್ಲಿ ಭಾರತದಿಂದ ಬಂದ ವಿದ್ಯಾರ್ಥಿಯೊಬ್ಬನಿದ್ದಾನೆ, ಹೆಸರು ಜವಾಹರಲಾಲ್ ಚೌಧರಿ! ಹೆಸರು ಹುಡುಕಲು ಬರಹಗಾರರು ಬಹಳ ದೂರ ಹೋಗಲಿಲ್ಲವೆಂದು ತೋರುತ್ತದೆ. ಅಲ್ಲಿಯೂ ಮೇಷ್ಟ್ರ ಪಾತ್ರಧಾರಿ ಹೊವರ್ಡ್ ಹೆಸ್ಸಮನ್ 1990ರಲ್ಲಿ ಹೊರನಡೆದರು. ಅವರ ಸ್ಥಾನಕ್ಕೆ ಬಿಲ್ಲಿ ಕಾನೊಲಿ ಬಂದರು.

ಈಗ ನಮ್ಮ ಕಥೆಗೆ ಬರೋಣ. 1980ರಲ್ಲಿ ಕೇವಲ 31ನೆಯ ವಯಸ್ಸಿನಲ್ಲಿ ಎನ್‌ಬಿಸಿ ವಾಹಿನಿಯ ಮನರಂಜನಾ ವಿಭಾಗದ ಮುಖ್ಯಸ್ಥರಾದವರು ಬ್ರ್ಯಾಂಡನ್ ಟಾರ್ಟಿಕಾಫ್. ಬಾಲ್ಯದಲ್ಲಿ ತಮ್ಮ ಮೇಲೆ ಗಾಢ ಪ್ರಭಾವ ಬೀರಿದ ಶಿಕ್ಷಕಿಯೊಬ್ಬರ ನೆನಪು ಅವರಲ್ಲಿತ್ತು. ಅಂಥ ಒಬ್ಬ ಶಿಕ್ಷಕಿಯ ಕುರಿತು ಧಾರಾವಾಹಿ ಬರಬೇಕೆಂದು ಅವರು ಬಯಸಿದರು. ನಿರ್ಮಾಣದ ಹೊಣೆ ಪೀಟರ್ ಎಂಗೆಲ್ ಅವರದಾಯಿತು, ಕಥೆಯ ಸೃಷ್ಟಿ ಸ್ಯಾಮ್ ಬಾಬ್ರಿಕ್ ಅವರದು. ಹೀಗೆ ಹುಟ್ಟಿದ್ದು 'ಗುಡ್ ಮಾರ್ನಿಂಗ್, ಮಿಸ್ ಬ್ಲಿಸ್'.

ಮಿಸ್ ಬ್ಲಿಸ್ ಪಾತ್ರಕ್ಕೆ ಆಯ್ಕೆಯಾದವರು ಬ್ರಿಟಿಷ್ ನಟಿ ಹೇಲಿ ಮಿಲ್ಸ್. ಈ ಹೆಸರು ನಿಮಗೆ ಅಪರಿಚಿತವಾಗಿರಬಹುದು, ಆದರೆ ಅವರ ಒಂದು ಚಿತ್ರದ ಕಥೆ ನಿಮಗೆ ಗೊತ್ತು. 1961ರ 'ದ ಪೇರೆಂಟ್ ಟ್ರ್ಯಾಪ್'ನಲ್ಲಿ, ಬೇರೆಯಾದ ತಂದೆತಾಯಿಗಳನ್ನು ಒಂದುಗೂಡಿಸುವ ಅವಳಿ ಹುಡುಗಿಯರಿಬ್ಬರ ಪಾತ್ರವನ್ನೂ ಅವರೊಬ್ಬರೇ ವಹಿಸಿದ್ದರು. ಅದೇ ಕಥೆ 1965ರಲ್ಲಿ ತಮಿಳಿನಲ್ಲಿ 'ಕುಳಂದೈಯುಂ ದೈವಮುಂ' ಆಯಿತು, 1968ರಲ್ಲಿ ಹಿಂದಿಯಲ್ಲಿ 'ದೋ ಕಲಿಯಾಂ' ಆಯಿತು. ಹಿಂದಿಯಲ್ಲಿ ಆ ಅವಳಿ ಪಾತ್ರ ಮಾಡಿದ ಬಾಲಕಿ ನೀತು ಸಿಂಗ್. 1960ರ 'ಪಾಲಿಯಾನ್ನಾ' ಚಿತ್ರಕ್ಕಾಗಿ ಬಾಲನಟರ ವಿಶೇಷ ಆಸ್ಕರ್ ಪಡೆದಿದ್ದ ಹೇಲಿ ಮಿಲ್ಸ್ ಈಗ ಮಕ್ಕಳಿಗೆ ಪಾಠ ಹೇಳುವ ಶಿಕ್ಷಕಿಯಾದರು. ಬಾಲತಾರೆಯೇ ಬಾಲನಟರ ನಡುವೆ ಹಿರಿಯಳಾಗಿ ನಿಂತ ಈ ಪಾತ್ರ ಹಂಚಿಕೆ ನನಗೆ ಬಹಳ ಉಚಿತವೆನಿಸಿತು.

ಪ್ರಾಯೋಗಿಕ ಕಂತು 1987ರ ಜುಲೈ 11ರಂದು ಪ್ರಸಾರವಾಯಿತು. ಅದರ ವಿದ್ಯಾರ್ಥಿಗಳಲ್ಲಿ ಬ್ರಯನ್ ಆಸ್ಟಿನ್ ಗ್ರೀನ್ ಮತ್ತು ಜಲೀಲ್ ವೈಟ್ ಇದ್ದರು. ಇವರಿಬ್ಬರೂ ಮುಂದೆ ಬೇರೆ ಧಾರಾವಾಹಿಗಳಲ್ಲಿ ಮನೆಮಾತಾದರು. ಮೊದಲನೆಯವರು 'ಬೆವರ್ಲಿ ಹಿಲ್ಸ್, 90210'ರಲ್ಲಿ, ಎರಡನೆಯವರು 'ಫ್ಯಾಮಿಲಿ ಮ್ಯಾಟರ್ಸ್'ನಲ್ಲಿ. ಎನ್‌ಬಿಸಿ ಆ ಪ್ರಯೋಗವನ್ನು ಮುಂದುವರಿಸಲಿಲ್ಲ. ಡಿಸ್ನಿ ವಾಹಿನಿ ಅದನ್ನು ಕೈಗೆತ್ತಿಕೊಂಡಿತು. ಶಿಕ್ಷಕಿ ಅದೇ ಹೇಲಿ ಮಿಲ್ಸ್, ಮಕ್ಕಳು ಮಾತ್ರ ಹೊಸಬರು. ಇಂಡಿಯಾನಾಪೊಲಿಸ್ ನಗರದ ಮಾಧ್ಯಮಿಕ ಶಾಲೆಯೊಂದರ ಹಿನ್ನೆಲೆಯಲ್ಲಿ 1988ರ ನವೆಂಬರ್ 30ರಿಂದ 1989ರ ಮಾರ್ಚ್ 18ರವರೆಗೆ 13 ಕಂತುಗಳು ಬಂದವು. ಅಲ್ಲಿಗೆ ಡಿಸ್ನಿಯೂ ಕೈಬಿಟ್ಟಿತು.

ಆಗ ಎನ್‌ಬಿಸಿ ಅದನ್ನು ಮರಳಿ ಪಡೆಯಿತು, ಆದರೆ ಶಿಕ್ಷಕಿಯನ್ನು ಬಿಟ್ಟು. ಹಳೆಯ ತರಗತಿಯಿಂದ ಮೂವರು ವಿದ್ಯಾರ್ಥಿಗಳನ್ನು ಮಾತ್ರ ಉಳಿಸಿಕೊಂಡರು: ತುಂಟ ನಾಯಕ ಜ್ಯಾಕ್ ಮಾರಿಸ್, ಸಿಂಗಾರಪ್ರಿಯೆ ಲೀಸಾ ಟರ್ಟಲ್, ಎಲ್ಲರ ನಗೆಗೆ ಈಡಾಗುವ ಸ್ಕ್ರೀಚ್ ಪವರ್ಸ್. ಜೊತೆಗೆ ಮುಖ್ಯೋಪಾಧ್ಯಾಯ ಬೆಲ್ಡಿಂಗ್. ಇಂಡಿಯಾನಾದ ಶಾಲೆ ಒಂದು ಮಾತಿನ ವಿವರಣೆಯೂ ಇಲ್ಲದೆ ಕ್ಯಾಲಿಫೋರ್ನಿಯಾದ ಕಡಲ ಸೀಮೆಗೆ ಸ್ಥಳಾಂತರವಾಯಿತು. ಮಿಸ್ ಬ್ಲಿಸ್ ಎಲ್ಲಿ ಹೋದರೆಂದು ಒಬ್ಬರೂ ಕೇಳಲಿಲ್ಲ. ಬೀಳ್ಕೊಡುಗೆಯಿಲ್ಲ, ಹಾರವಿಲ್ಲ, ಒಂದು ಗುಂಪು ಛಾಯಾಚಿತ್ರವೂ ಇಲ್ಲ! 1989ರ ಆಗಸ್ಟ್ 20ರಂದು 'ಸೇವ್ಡ್ ಬೈ ದ ಬೆಲ್' ಆರಂಭವಾಯಿತು. 1993ರ ಮೇ 22ರವರೆಗೆ 86 ಕಂತುಗಳಲ್ಲಿ ನಡೆಯಿತು. ವ್ಯಂಗ್ಯಚಿತ್ರಗಳಿಗೆ ಮೀಸಲಾಗಿದ್ದ ಶನಿವಾರದ ಬೆಳಗನ್ನು ಅದು ಹದಿಹರೆಯದವರಿಗೆ ಗೆದ್ದುಕೊಟ್ಟಿತು. 1992ರಲ್ಲಿ ಎನ್‌ಬಿಸಿ ಶನಿವಾರದ ವ್ಯಂಗ್ಯಚಿತ್ರಗಳನ್ನೇ ನಿಲ್ಲಿಸಿ ಇಂಥ ಧಾರಾವಾಹಿಗಳಿಗೆ ಆ ಹೊತ್ತನ್ನು ಬಿಟ್ಟುಕೊಟ್ಟಿತು. ಟಾರ್ಟಿಕಾಫ್ ತಮ್ಮ ಶಿಕ್ಷಕಿಗೆ ಸಲ್ಲಿಸಬೇಕೆಂದಿದ್ದ ಗೌರವ ಕೊನೆಗೆ ಶಿಕ್ಷಕಿಯಿಲ್ಲದ ಶಾಲೆಯಾಗಿ ಫಲಿಸಿತು. ಅವರು 1997ರಲ್ಲಿ, 48ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಮುಂದೆ ಇನ್ನೊಂದು ಸ್ವಾರಸ್ಯ ನಡೆಯಿತು. ಮರುಪ್ರಸಾರಕ್ಕಾಗಿ ಆ 13 ಹಳೆಯ ಕಂತುಗಳನ್ನೂ 'ಸೇವ್ಡ್ ಬೈ ದ ಬೆಲ್' ಹೆಸರಿನಲ್ಲಿಯೇ ಸೇರಿಸಿಕೊಂಡರು. ಪ್ರತಿ ಕಂತಿನ ಆರಂಭದಲ್ಲಿ ಬೆಳೆದ ಜ್ಯಾಕ್ ಬಂದು, ಇದು ನಾನು ಚಿಕ್ಕವನಿದ್ದಾಗ ನಡೆದದ್ದು ಎಂಬರ್ಥದ ಮಾತು ಹೇಳುತ್ತಾನೆ. ಹೀಗೆ ಶಿಕ್ಷಕಿಯ ಕಥೆ ಶಿಷ್ಯನೊಬ್ಬನ ನೆನಪಾಗಿ ಉಳಿಯಿತು. ಇದನ್ನು ಓದಿದ ರಾತ್ರಿ ನನಗೆ ಸ್ವಲ್ಪ ಬೇಸರವಾಯಿತು, ಆಮೇಲೆ ಸಮಾಧಾನವೂ ಆಯಿತು. ನಮ್ಮಂಥವರು ಉಳಿಯುವುದು ಹಾಗೆಯೇ ಅಲ್ಲವೇ?

ಪಾತ್ರ ಹಂಚಿಕೆಯ ಸಂಗತಿಗಳು ಹಲವಾರಿವೆ. ಜ್ಯಾಕ್ ಪಾತ್ರದ ಮಾರ್ಕ್ ಪಾಲ್ ಗೊಸ್ಸೆಲಾರ್ ಅವರ ಸಹಜ ಕೂದಲು ಕಂದು. ಆ ಪ್ರಸಿದ್ಧ ಹೊಂಗೂದಲು ಬಣ್ಣ ಹಚ್ಚಿದ್ದು. ಅವರ ತಾಯಿಯ ಕಡೆ ಇಂಡೋನೇಷ್ಯಾದ ರಕ್ತಸಂಬಂಧವಿದೆ. ಲೀಸಾಳನ್ನು ಮೊದಲು ಶ್ರೀಮಂತ ಯಹೂದಿ ಮನೆತನದ ಹುಡುಗಿಯೆಂದು ಕಲ್ಪಿಸಿದ್ದರು. ಆಫ್ರಿಕನ್ ಅಮೆರಿಕನ್ ಬಾಲಕಿ ಲಾರ್ಕ್ ವೂರ್ಹೀಸ್ ಆಯ್ಕೆಗೆ ಬಂದು ನಟಿಸಿ ತೋರಿಸಿದ ಮೇಲೆ ಪಾತ್ರವೇ ಬದಲಾಯಿತು. ಸ್ಲೇಟರ್ ಎಂಬ ಕುಸ್ತಿಪಟುವಿನ ಪಾತ್ರಕ್ಕೆ ಟ್ರವೋಲ್ಟಾ ಮಾದರಿಯ ಇಟಾಲಿಯನ್ ಮೂಲದ ಹುಡುಗನನ್ನು ಹುಡುಕುತ್ತಿದ್ದರು. ದೊರೆತವರು ಮೆಕ್ಸಿಕನ್ ಮೂಲದ ಮಾರಿಯೋ ಲೋಪೆಜ್. ಕೆಲ್ಲಿ ಪಾತ್ರಕ್ಕೆ ಟಿಫನಿ ಥೀಸನ್ ಮತ್ತು ಎಲಿಜಬೆತ್ ಬರ್ಕ್ಲಿ ಇಬ್ಬರೂ ಪೈಪೋಟಿ ನಡೆಸಿದರು. ಕೆಲ್ಲಿಯಾದವರು ಥೀಸನ್. ಬರ್ಕ್ಲಿಯವರನ್ನು ಕಳೆದುಕೊಳ್ಳಲು ಮನಸ್ಸಾಗದೆ ಅವರಿಗೆ ಓದಿನಲ್ಲಿ ಮುಂದಿರುವ, ಸ್ತ್ರೀಯರ ಹಕ್ಕುಗಳಿಗಾಗಿ ವಾದಿಸುವ ಜೆಸ್ಸಿಯ ಪಾತ್ರ ಕೊಟ್ಟರು. ಬಂದ ಮಗುವಿಗೆ ತಕ್ಕಂತೆ ಪಾತ್ರವನ್ನು ತಿದ್ದಿದ ಈ ನಿದರ್ಶನಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಿ; ಇವುಗಳ ಮಾತು ಮುಂದೆ ಮತ್ತೆ ಬರುತ್ತದೆ.

ಕಾಲದ ಗುರುತುಗಳೂ ಆ ಕಂತುಗಳಲ್ಲಿ ಅಚ್ಚಾಗಿವೆ. ಜ್ಯಾಕ್ ಕೈಯಲ್ಲಿ ಇಟ್ಟಿಗೆಯಷ್ಟು ದಪ್ಪನೆಯ ಮೊಬೈಲು ಇರುತ್ತದೆ. ಅದು ಮೊಟೊರೊಲಾ ಡೈನಾಟ್ಯಾಕ್ ಮಾದರಿಯದು. 1984ರಲ್ಲಿ ಅದು ಮಾರುಕಟ್ಟೆಗೆ ಬಂದಾಗ ಬೆಲೆ 3,995 ಡಾಲರ್, ತೂಕ ಸುಮಾರು 790 ಗ್ರಾಂ. ಶಾಲಾ ಬಾಲಕನ ಕೈಗೆ ಅದನ್ನು ಕೊಟ್ಟದ್ದೇ ಅಂದಿನ ನಗೆಹನಿ. ಇಂದು ಅಮೆರಿಕದಲ್ಲಿ ಹಳೆಯ ದಪ್ಪ ಮೊಬೈಲನ್ನು 'ಜ್ಯಾಕ್ ಮಾರಿಸ್ ಫೋನ್' ಎಂದೇ ಕರೆಯುತ್ತಾರೆ. ಬಾನುಲಿಯಲ್ಲಿ ವಾರದ ಜನಪ್ರಿಯ ಗೀತೆಗಳ ಕಾರ್ಯಕ್ರಮ ನಡೆಸಿಕೊಡುತ್ತಿದ್ದ ಕೇಸಿ ಕೇಸಮ್ ಒಂದು ಕಂತಿನಲ್ಲಿ ನೃತ್ಯಸ್ಪರ್ಧೆ ನಡೆಸಲು ತಾವಾಗಿಯೇ ಬರುತ್ತಾರೆ. ನಮ್ಮಲ್ಲಿ ಬಿನಾಕಾ ಗೀತ್‌ಮಾಲಾದ ಅಮೀನ್ ಸಯಾನಿ ಹೇಗೋ ಅಲ್ಲಿ ಅವರು ಹಾಗೆ. ಸ್ಕ್ರೀಚ್‌ನ ಗೆಳತಿಯಾಗಿ ಬರುವ ಟೋರಿ ಸ್ಪೆಲಿಂಗ್ 'ಬೆವರ್ಲಿ ಹಿಲ್ಸ್, 90210'ರಿಂದ ಪ್ರಸಿದ್ಧರಾದರು.

1990ರ ನವೆಂಬರಿನ ಒಂದು ಕಂತು ಇಂದಿಗೂ ಚರ್ಚೆಯಲ್ಲಿದೆ. ಪರೀಕ್ಷೆಯ ಒತ್ತಡ, ಹಾಡಿನ ತಂಡದ ಒತ್ತಡ ಎರಡನ್ನೂ ತಾಳಲಾರದೆ ಜೆಸ್ಸಿ ನಿದ್ದೆಗೆಡಿಸುವ ಕೆಫೀನ್ ಮಾತ್ರೆಗಳಿಗೆ ದಾಸಿಯಾಗುತ್ತಾಳೆ. ಪಾಯಿಂಟರ್ ಸಿಸ್ಟರ್ಸ್ ಅವರ ಹಾಡೊಂದನ್ನು ಹಾಡುತ್ತಲೇ ಕುಸಿದು ಅಳುತ್ತಾಳೆ. ಕಾಫಿಯ ಸಾರಕ್ಕೆ ಇಷ್ಟೊಂದು ರಂಪವೇ ಎಂದು ನೋಡಿದವರು ನಗುತ್ತಾರೆ. ನಿಜಸಂಗತಿಯೆಂದರೆ ಮೂಲ ಕಥೆಯಲ್ಲಿ ಇದ್ದದ್ದು ಅಪಾಯಕಾರಿ ಮಾದಕ ಗುಳಿಗೆ. ಶನಿವಾರ ಬೆಳಿಗ್ಗೆ ಮಕ್ಕಳು ನೋಡುವ ಹೊತ್ತಿನಲ್ಲಿ ಅದು ಸಲ್ಲದೆಂದು ವಾಹಿನಿಯ ಪರಿಶೀಲನಾ ವಿಭಾಗ ತಡೆದುದರಿಂದ ಮಾತ್ರೆ ಬದಲಾಯಿತು, ಅಳು ಮಾತ್ರ ಹಾಗೆಯೇ ಉಳಿಯಿತು ಎಂದು ಎಂಗೆಲ್ ಹೇಳಿದ್ದಾರೆ. ನನಗಂತೂ ನಗು ಬರಲಿಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಹಿಂದಿನ ವಾರ ಎಷ್ಟು ಮಕ್ಕಳ ಮುಖದಲ್ಲಿ ಆ ಅಳುವನ್ನು ನೋಡಿದ್ದೇನೆ!

ಕೊನೆಯ ವರ್ಷದ ಒಂದು ಗೊಂದಲ ಇನ್ನೂ ಸ್ವಾರಸ್ಯಕರ. ಥೀಸನ್ ಮತ್ತು ಬರ್ಕ್ಲಿ ನಿರ್ಗಮಿಸಿದ ಮೇಲೆ ವಾಹಿನಿಗೆ ಇನ್ನಷ್ಟು ಕಂತು ಬೇಕಾದವು. ಟೋರಿ ಎಂಬ ಹೊಸ ಹುಡುಗಿಯ ಪಾತ್ರಕ್ಕೆ ಲಿಯಾನಾ ಕ್ರೀಲ್ ಬಂದರು. ಆದರೆ ಪದವಿ ಪ್ರದಾನದ ಕಂತು ಮೊದಲೇ ಚಿತ್ರಿತವಾಗಿತ್ತು. ಪರಿಣಾಮವಾಗಿ ಕೆಲವು ಕಂತುಗಳಲ್ಲಿ ಟೋರಿ ಇದ್ದಾಳೆ, ಕೆಲ್ಲಿ ಮತ್ತು ಜೆಸ್ಸಿ ಇಲ್ಲ. ಇನ್ನು ಕೆಲವುಗಳಲ್ಲಿ ಅವರಿದ್ದಾರೆ, ಟೋರಿ ಇಲ್ಲ. ಯಾರೂ ಯಾರ ಹೆಸರನ್ನೂ ಎತ್ತುವುದಿಲ್ಲ. ಚಕ್ ಕ್ಲಾಸ್ಟರ್‌ಮನ್ ಎಂಬ ಲೇಖಕರು 2003ರ ತಮ್ಮ ಪ್ರಬಂಧ ಸಂಕಲನದಲ್ಲಿ ಇದನ್ನೇ ಎತ್ತಿಕೊಂಡು, ಧಾರಾವಾಹಿಯಲ್ಲಿ ಬದುಕಿಗೆ ಹತ್ತಿರವಾದ ಅಂಶ ಇದೇ ಎಂದು ವಾದಿಸಿದರು. ನಿಜಜೀವನದಲ್ಲಿಯೂ ಗೆಳೆಯರು ಹೀಗೆಯೇ ಬರುತ್ತಾರೆ, ಹೀಗೆಯೇ ಇಲ್ಲವಾಗುತ್ತಾರೆ. ಹಾಜರಿ ಪುಸ್ತಕ ಬರೆದವನಿಗೆ ಇದು ಚೆನ್ನಾಗಿ ಗೊತ್ತು. ಜೂನ್‌ನಲ್ಲಿ ಇದ್ದ ಹೆಸರು ದಸರಾ ರಜೆ ಮುಗಿಯುವಷ್ಟರಲ್ಲಿ ಕೆಂಪು ಗೆರೆಯ ಕೆಳಗೆ ಹೋಗಿರುತ್ತಿತ್ತು. ಹುಡುಗಿಗೆ ಮದುವೆಯಾಯಿತೆಂದೋ ಹುಡುಗ ಬೆಂಗಳೂರಿನ ಹೋಟೆಲಿಗೆ ಸೇರಿದನೆಂದೋ ಆಮೇಲೆ ತಿಳಿಯುತ್ತಿತ್ತು. ತರಗತಿ ಒಂದು ದಿನವೂ ನಿಲ್ಲುತ್ತಿರಲಿಲ್ಲ.

ಇನ್ನು ಸ್ಕ್ರೀಚ್‌ನ ವಿಷಯ. ಇದಕ್ಕಾಗಿಯೇ ನಾನು ಇಷ್ಟೆಲ್ಲ ಬರೆದದ್ದು.

ಆ ಪಾತ್ರ ವಹಿಸಿದ ಡಸ್ಟಿನ್ ಡೈಮಂಡ್ ಹುಟ್ಟಿದ್ದು 1977ರ ಜನವರಿಯಲ್ಲಿ. ಮಿಸ್ ಬ್ಲಿಸ್‌ಳ ತರಗತಿಯಲ್ಲಿ ಕಾಣಿಸಿಕೊಂಡಾಗ ಅವರಿಗೆ 11 ವರ್ಷ. ಗೊಸ್ಸೆಲಾರ್, ವೂರ್ಹೀಸ್ ಇಬ್ಬರೂ 14ರವರು. ಬೇಸೈಡ್‌ನಲ್ಲಿ ಜೊತೆಯಾದ ಬರ್ಕ್ಲಿ ಅವರಿಗಿಂತ ನಾಲ್ಕು ವರ್ಷಕ್ಕೂ ಹೆಚ್ಚು ಹಿರಿಯರು. ಹದಿಮೂರರ ಹುಡುಗ ಹದಿನೇಳರವರ ನಡುವೆ ನಿಲ್ಲುವುದು ಎಂದರೇನು ಎಂಬುದು ಹೈಸ್ಕೂಲಿನ ಮೇಷ್ಟ್ರಿಗೆ ಹೇಳಿಕೊಡಬೇಕಾದದ್ದಲ್ಲ. ಅಷ್ಟು ಚಿಕ್ಕವನೆಂದು ಆರಿಸುವಾಗ ತಮಗೆ ತಿಳಿದಿರಲಿಲ್ಲ ಎಂದು ಎಂಗೆಲ್ ಮುಂದೆ ಹೇಳಿಕೊಂಡರು. ಲೀಸಾಳ ಪಾತ್ರವನ್ನು, ಸ್ಲೇಟರ್‌ನ ಪಾತ್ರವನ್ನು ಬಂದ ಮಗುವಿಗೆ ತಕ್ಕಂತೆ ತಿದ್ದಿದವರು ಈ ಮಗುವನ್ನು ಮಾತ್ರ ಪಾತ್ರಕ್ಕೆ ತಕ್ಕಂತೆ ಹಾಗೆಯೇ ಬಿಟ್ಟರು. ಉಳಿದವರು ಹೊರಟರೂ ಆತ ಉಳಿದ. 1993ರಿಂದ 2000ದವರೆಗೆ ಹೊಸ ಮಕ್ಕಳೊಂದಿಗೆ ನಡೆದ ಮುಂದುವರಿದ ಧಾರಾವಾಹಿಯಲ್ಲಿ ಸ್ಕ್ರೀಚ್ ಬೆಲ್ಡಿಂಗ್‌ರ ಸಹಾಯಕನಾಗಿ ಅದೇ ಶಾಲೆಗೆ ಮರಳಿದ. ಹನ್ನೊಂದರಲ್ಲಿ ತೊಟ್ಟ ವೇಷವನ್ನು ಡೈಮಂಡ್ ಕಳಚಿದ್ದು ಇಪ್ಪತ್ತಮೂರರ ಹೊತ್ತಿಗೆ. 2009ರಲ್ಲಿ ಅವರ ಹೆಸರಿನಲ್ಲಿ ಒಂದು ಕಹಿಯಾದ ಪುಸ್ತಕ ಬಂತು. ಅದನ್ನು ಬರೆದದ್ದು ಬೇರೆಯವರು ಎಂದು ಆಮೇಲೆ ಅವರು ಹೇಳಿದರೂ ಹಳೆಯ ಗೆಳೆಯರ ಮನಸ್ಸು ಮುರಿದಿತ್ತು.

ಹಾಗೆಂದು ಎಲ್ಲ ಧಾರಾವಾಹಿಗಳೂ ಮೇಷ್ಟ್ರನ್ನು ಹೊರಹಾಕಲಿಲ್ಲ. 'ಸೇವ್ಡ್ ಬೈ ದ ಬೆಲ್' ಮುಗಿದ ಅದೇ 1993ರಲ್ಲಿ ಆರಂಭವಾಗಿ 2000ದವರೆಗೆ ನಡೆದ 'ಬಾಯ್ ಮೀಟ್ಸ್ ವರ್ಲ್ಡ್'ನಲ್ಲಿ ಫೀನಿ ಎಂಬ ಮೇಷ್ಟ್ರಿದ್ದಾರೆ. ಪಾತ್ರಧಾರಿ ವಿಲಿಯಮ್ ಡೇನಿಯಲ್ಸ್. 1972ರ '1776' ಚಿತ್ರದಲ್ಲಿ ಅವರು ಜಾನ್ ಆಡಮ್ಸ್ ಆಗಿದ್ದರು. ಈ ಧಾರಾವಾಹಿಯ ಪ್ರೌಢಶಾಲೆಯ ಹೆಸರೂ ಜಾನ್ ಆಡಮ್ಸ್ ಹೈಸ್ಕೂಲ್. 'ನೈಟ್ ರೈಡರ್'ನ ಮಾತಾಡುವ ಕಾರಿನ ಧ್ವನಿಯೂ ಅವರದೇ. ಫೀನಿ ಮೇಷ್ಟ್ರು ಹುಡುಗರ ಪಕ್ಕದ ಮನೆಯವರು, ಅವರೊಂದಿಗೆ ಶಾಲೆಯಿಂದ ಕಾಲೇಜಿನವರೆಗೆ ಬರುತ್ತಾರೆ. ಕೊನೆಯ ಕಂತಿನಲ್ಲಿ ಶಿಷ್ಯರು ಹಳೆಯ ತರಗತಿಗೆ ಬಂದು ಬೀಳ್ಕೊಂಡು ಹೋಗುತ್ತಾರೆ, ಅವರೊಬ್ಬರೇ ಉಳಿಯುತ್ತಾರೆ. 2014ರಿಂದ 2017ರವರೆಗೆ ಬಂದ ಅದರ ಮುಂದುವರಿಕೆಯಲ್ಲಿ ಆ ಶಿಷ್ಯ ಕೋರಿಯೇ ಇತಿಹಾಸದ ಮೇಷ್ಟ್ರು. ಶಾಲೆಯ ಹೆಸರು ಜಾನ್ ಕ್ವಿನ್ಸಿ ಆಡಮ್ಸ್, ಅಂದರೆ ಎರಡನೆಯ ಅಧ್ಯಕ್ಷರ ಮಗ, ಆರನೆಯ ಅಧ್ಯಕ್ಷ! ಇತಿಹಾಸ ಪಾಠ ಹೇಳಿದವನಿಗೆ ಈ ಸೂಕ್ಷ್ಮ ಎಷ್ಟು ಸಂತೋಷ ಕೊಟ್ಟಿತೆಂದು ಹೇಳಲಾರೆ.

'ಸೇವ್ಡ್ ಬೈ ದ ಬೆಲ್' ಕೂಡ 2020ರ ನವೆಂಬರಿನಲ್ಲಿ ಪೀಕಾಕ್ ಎಂಬ ಅಂತರಜಾಲ ವಾಹಿನಿಯಲ್ಲಿ ಮರುಜನ್ಮ ಪಡೆಯಿತು. ಜ್ಯಾಕ್ ಕ್ಯಾಲಿಫೋರ್ನಿಯಾದ ರಾಜ್ಯಪಾಲನಾಗಿದ್ದಾನೆ. ಅನುದಾನವಿಲ್ಲದ ಬಡ ಶಾಲೆಗಳನ್ನು ಮುಚ್ಚಿ, ಪ್ರತಿಭಟನೆ ಎದುರಾದಾಗ ಆ ಮಕ್ಕಳನ್ನು ಬೇಸೈಡ್‌ನಂಥ ಸ್ಥಿತಿವಂತರ ಶಾಲೆಗೆ ಕಳುಹಿಸುತ್ತಾನೆ. ಅಲ್ಲಿ ಅವರನ್ನು ಎದುರುಗೊಳ್ಳುವವರು ಯಾರು? ವ್ಯಾಯಾಮ ಶಿಕ್ಷಕನಾಗಿರುವ ಸ್ಲೇಟರ್, ಮಕ್ಕಳ ಮಾರ್ಗದರ್ಶಕಿಯಾಗಿರುವ ಜೆಸ್ಸಿ. ಮೇಷ್ಟ್ರನ್ನು ಕೈಬಿಟ್ಟ ಕಥೆಗೆ ಮೂವತ್ತು ವರ್ಷಗಳ ಮೇಲೆ ಮೇಷ್ಟ್ರು ಬೇಕಾದರು, ಹಳೆಯ ವಿದ್ಯಾರ್ಥಿಗಳೇ ಆ ಜಾಗ ತುಂಬಿದರು. ಒಬ್ಬ ಮಾತ್ರ ಅಲ್ಲಿರಲಿಲ್ಲ. ಡಸ್ಟಿನ್ ಡೈಮಂಡ್‌ಗೆ ಆ ಮರುಮಿಲನದಲ್ಲಿ ಪಾತ್ರವಿರಲಿಲ್ಲ. 2021ರ ಫೆಬ್ರವರಿ 1ರಂದು, ರೋಗ ಪತ್ತೆಯಾದ ಕೆಲವೇ ವಾರಗಳಲ್ಲಿ, ಕ್ಯಾನ್ಸರಿನಿಂದ ಅವರು ತೀರಿಕೊಂಡರು. ವಯಸ್ಸು 44. ಅದೇ ನವೆಂಬರಿನಲ್ಲಿ ಬಂದ ಎರಡನೆಯ ಸರಣಿಯ ಆರಂಭದಲ್ಲಿ ಹಳೆಯ ಗೆಳೆಯರು ತಮ್ಮ ಹಳೆಯ ಉಪಾಹಾರ ಗೃಹದಲ್ಲಿ ಕುಳಿತು ಸ್ಕ್ರೀಚ್‌ನನ್ನು ನೆನೆಯುತ್ತಾರೆ. ಧಾರಾವಾಹಿ ಆ ಸರಣಿಯೊಂದಿಗೆ ಮುಗಿಯಿತು.

ಆ ದೃಶ್ಯ ನೋಡಿ ನಾನು ಎದ್ದು ಒಳಗೆ ಹೋದೆ. ಸೊಸೆಗೆ ಕಾರಣ ಹೇಳಲಿಲ್ಲ. ಈಗ ನಿಮಗೆ ಹೇಳುತ್ತೇನೆ.

1986ರ ಸುಮಾರಿನಲ್ಲಿ ಓದಿದವರಿಗೆ ನಮ್ಮ ಶಾಲೆಯ ಒಬ್ಬ ಚಿಕ್ಕ ಹುಡುಗನ ನೆನಪಿರಬಹುದು. ಹೆಸರು ಬರೆಯುವುದಿಲ್ಲ. ಮನೆಯಲ್ಲಿ ನೋಡಿಕೊಳ್ಳುವವರಿಲ್ಲವೆಂದು ಅವನನ್ನು ವಯಸ್ಸು ಹೆಚ್ಚು ಹೇಳಿ ಬೇಗನೆ ಶಾಲೆಗೆ ಸೇರಿಸಿದ್ದರು. ಒಂಬತ್ತನೆಯ ತರಗತಿಯಲ್ಲಿ ಕುಳಿತಾಗ ಅವನಿಗೆ ಹನ್ನೊಂದೋ ಹನ್ನೆರಡೋ. ಕೀರಲು ಧ್ವನಿ, ದೊಗಳೆ ಚಡ್ಡಿ. ಬಾಯಿ ತೆರೆದರೆ ತರಗತಿ ನಗುತ್ತಿತ್ತು. ವಾರ್ಷಿಕೋತ್ಸವದ ನಾಟಕಗಳಿಗೆ ಪಾತ್ರ ಹಂಚುತ್ತಿದ್ದವನು ನಾನು. ಅವನಿಗೆ ಪ್ರತಿ ವರ್ಷವೂ ಕೊಟ್ಟದ್ದು ಒಂದೇ ಬಗೆಯ ಪಾತ್ರ: ಆಸ್ಥಾನದ ವಿದೂಷಕ, ಹೆದರುಪುಕ್ಕಲ ಸೇವಕ, ಕುಡುಕ ಕಾವಲುಗಾರ. ನಗು ಖಾತ್ರಿಯಾಗಿತ್ತು. ಊರ ಹಿರಿಯರು ನನ್ನ ಬೆನ್ನು ತಟ್ಟುತ್ತಿದ್ದರು.

ಹತ್ತನೆಯ ತರಗತಿಯಲ್ಲಿ ಅವನು ಒಂದು ದಿನ ಕೊಠಡಿಯ ಬಾಗಿಲಲ್ಲಿ ನಿಂತು, "ಸಾರ್, ಈ ಸಲ ಮಂತ್ರಿ ಪಾರ್ಟು ನಂಗೆ ಕೊಡ್ತೀರಾ? ಮಾತೆಲ್ಲ ಬಾಯಿಪಾಠ ಆಗಿದೆ" ಎಂದ. ಮಂತ್ರಿಯದು ನಾಟಕದಲ್ಲಿ ಎಲ್ಲಕ್ಕಿಂತ ಉದ್ದನೆಯ ಮಾತುಗಳಿರುವ ಪಾತ್ರ. ನಾನು ತಲೆಯೆತ್ತದೆಯೇ, "ನಿನ್ನನ್ನ ಮಂತ್ರಿ ಮಾಡಿದ್ರೆ ರಾಜ್ಯ ಉಳಿಯುತ್ತೇನಯ್ಯಾ?" ಎಂದೆ. ಕೊಠಡಿಯಲ್ಲಿದ್ದ ಸಹೋದ್ಯೋಗಿಗಳು ನಕ್ಕರು. ಅವನೂ ನಕ್ಕ. ಆ ಮಾತುಗಳನ್ನು ಒಂದು ಸಲ ಹೇಳಿಸಿ ಕೇಳಬೇಕೆಂದು ನನಗೆ ತೋಚಲಿಲ್ಲ. ಆ ವರ್ಷವೂ ಅವನು ವಿದೂಷಕನೇ ಆದ, ಜನ ಬಿದ್ದು ಬಿದ್ದು ನಕ್ಕರು.

2019ರಲ್ಲಿ ಆ ತಂಡದವರು ಗುರುವಂದನೆ ಏರ್ಪಡಿಸಿದ್ದರು. ಪೇಟ ತೊಡಿಸಿ, ಶಾಲು ಹೊದೆಸಿ, ಹಣ್ಣಿನ ಬುಟ್ಟಿ ಕೊಟ್ಟು ಕಾಲಿಗೆರಗಿದರು. ಊಟದ ಹೊತ್ತಿನಲ್ಲಿ ಮಾತೆಲ್ಲ ಅವನದೇ. ಒಬ್ಬರು ಅವನ ಕೀರಲು ಧ್ವನಿ ಅನುಕರಿಸಿದರು, ಇನ್ನೊಬ್ಬರು ಅವನ ಕುಡುಕನ ನಡಿಗೆ ನಡೆದು ತೋರಿಸಿದರು. ಅವನು ಬಂದಿರಲಿಲ್ಲ. ಏಕೆ ಬರಲಿಲ್ಲವೆಂದು ಕೇಳಿದೆ. ಅವನೊಂದಿಗೆ ಸಂಪರ್ಕ ಉಳಿಸಿಕೊಂಡಿದ್ದ ಒಬ್ಬ ಸ್ವಲ್ಪ ತಡೆದು, "ಕರೆದೆ ಸಾರ್. ಬಂದ್ರೆ ಮತ್ತೆ ಅದೇ ಪಾರ್ಟು ಮಾಡಬೇಕಲ್ಲ ಅಂದ" ಎಂದ. ಎಲೆಯ ಮುಂದೆ ಕುಳಿತಿದ್ದ ನನಗೆ ತುತ್ತು ಇಳಿಯಲಿಲ್ಲ.

ಮೂರು ವರ್ಷಗಳ ಮೇಲೆ, ಭೂಮಿಯ ಇನ್ನೊಂದು ಮಗ್ಗುಲಲ್ಲಿ, ನನಗೆ ಸಂಬಂಧವೇ ಇಲ್ಲದ ಒಂದು ಹಾಸ್ಯ ಧಾರಾವಾಹಿ ಆ ಮಾತನ್ನು ಮತ್ತೆ ಕಿವಿಯಲ್ಲಿ ಮೊಳಗಿಸಿತು. ಮಿಸ್ ಬ್ಲಿಸ್‌ಳನ್ನು ಕಥೆಯಿಂದ ತೆಗೆದರಲ್ಲ ಎಂದು ನಾನು ಮೊದಲು ನೊಂದುಕೊಂಡಿದ್ದೆ. ನನ್ನನ್ನು ಯಾರೂ ಕಥೆಯಿಂದ ತೆಗೆದಿರಲಿಲ್ಲ. ನಾನು ತರಗತಿಯಲ್ಲಿಯೇ ಇದ್ದೆ, ಮೇಜಿನ ಹಿಂದೆಯೇ ಕುಳಿತಿದ್ದೆ. ಆದರೂ ಆ ಹುಡುಗನ ಪಾಲಿಗೆ ಅದು ಮೇಷ್ಟ್ರಿಲ್ಲದ ತರಗತಿಯೇ ಆಗಿತ್ತು.

ಇದನ್ನು ಓದುವವರಲ್ಲಿ ಶಿಕ್ಷಕ ವೃತ್ತಿಯಲ್ಲಿರುವವರು ಬಹಳ ಮಂದಿ ಇದ್ದೀರಿ. ಈ ವರ್ಷದ ವಾರ್ಷಿಕೋತ್ಸವಕ್ಕೆ ಪಾತ್ರ ಹಂಚುವಾಗ ಪ್ರತಿ ವರ್ಷವೂ ನಗಿಸುವ ಮಗುವನ್ನು ಒಮ್ಮೆ ಕರೆದು, ನಿನಗೆ ಯಾವ ಪಾತ್ರ ಬೇಕು ಎಂದು ಕೇಳಿ. ಆ ತಂಡದಲ್ಲಿದ್ದವರು ಅವನನ್ನು ಕಂಡರೆ ಹೇಳಿ, ಮೇಷ್ಟ್ರು ಕ್ಷಮೆ ಕೇಳಿದ್ದಾರೆಂದು. ಅವನು ಇಲ್ಲಿಗೆ ಬರಬೇಕಾಗಿಲ್ಲ, ಯಾರನ್ನೂ ನಗಿಸಬೇಕಾಗಿಲ್ಲ. ಅವನು ಒಪ್ಪಿದರೆ ನಾನೇ ಅವನ ಊರಿಗೆ ಹೋಗುತ್ತೇನೆ. ಆ ನಾಟಕದ ಹಸ್ತಪ್ರತಿ ಇನ್ನೂ ನನ್ನ ಬೀರುವಿನಲ್ಲಿದೆ. ಮಂತ್ರಿಯ ಮಾತುಗಳು ಅವನಿಗೆ ಇನ್ನೂ ನೆನಪಿದ್ದರೆ ಒಮ್ಮೆ ಕೇಳಬೇಕೆಂದಿದೆ.

ಎಲ್ಲರಿಗೂ ಒಳಿತಾಗಲಿ.

ನಿಮ್ಮ ಮೇಷ್ಟ್ರು